ಗುಡ್ಡದಲ್ಲಿ ನೀರಿಲ್ಲ ಎಂದವರು

ಸಂಡೂರು ಕಡೆಯ ಒಂದು ಗುಡ್ಡದ ಬಗ್ಗೆ ಇಂಗ್ಲಿಷ್ ಅಧಿಕಾರಿಯೊಬ್ಬ ಬರೆದಿಟ್ಟ ಟಿಪ್ಪಣಿಯ ಒಂದೇ ಒಂದು ಪುಟ. ಗುಡ್ಡದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆ ಪುಟವನ್ನು ನಾನೇ ಕನ್ನಡಕ್ಕೆ ತಂದು, ಜೆರಾಕ್ಸ್ ಮಾಡಿಸಿ, ಹೊಸಪೇಟೆಯ ನಮ್ಮ ಕಾಲೇಜಿನ ಇತಿಹಾಸದ ತರಗತಿಯಲ್ಲಿ ಹಂಚಿದ್ದೆ. ಅದಿರಿನ ಲಾರಿಗಳು ಬೆಳಗಿನಿಂದ ಸಂಜೆಯವರೆಗೂ ಕಿಟಕಿಯಾಚೆ ಸಾಲುಗಟ್ಟಿ ಹೋಗುತ್ತಿದ್ದ ವರ್ಷಗಳು. ಪಾಠ ಕೇಳಿಸಬೇಕೆಂದರೆ ಕಿಟಕಿ ಮುಚ್ಚಬೇಕು, ಮುಚ್ಚಿದರೆ ಸೆಕೆ. ಆ ದಿನ ಮುಚ್ಚಿತ್ತೋ ತೆರೆದಿತ್ತೋ ನೆನಪಿಲ್ಲ. ನೆನಪಿದೆ ಎಂದು ಬರೆಯುವುದು ಸುಲಭ.

ಯಾವ ದಾಖಲೆ ಕೈಗೆ ಬಂದರೂ ಮೂರು ಪ್ರಶ್ನೆ ಕೇಳಿ ಎಂದು ಹೇಳಿಕೊಡುತ್ತಿದ್ದೆ: ಬರೆದವರು ಯಾರು, ಯಾರಿಗಾಗಿ ಬರೆದರು, ಏನನ್ನು ಬಿಟ್ಟರು. ಈ ಗುಡ್ಡದಲ್ಲಿ ಎಲ್ಲೂ ನೀರಿಲ್ಲವೆಂದು ಊರಿನವರು ಹೇಳುತ್ತಾರೆ, ಎಂದು ಆ ಅಧಿಕಾರಿ ಬರೆದಿದ್ದ. ಗುಡ್ಡ ಹತ್ತದೆಯೇ ಸುಳ್ಳು ಬರೆದಿದ್ದಾನೆಂದು ಹುಡುಗರೆಲ್ಲ ಅವನ ಮೇಲೆಯೇ ಮುಗಿಬಿದ್ದರು. ಗುಡ್ಡದ ಬುಡದ ಊರಿನಿಂದ ದಿನಾ ಬಸ್ಸಿಗೆ ಬರುತ್ತಿದ್ದ ಹುಡುಗಿಯೊಬ್ಬಳು ಎದ್ದು ನಿಂತಳು.

“ಸರ್, ಸಾಹೇಬ ಸುಳ್ಳು ಬರದಿಲ್ರಿ. ನಮ್ಮೂರೋರು ಸುಳ್ಳು ಹೇಳ್ಯಾರ. ಅಲ್ಲಿ ಒರತಿ ಐತಿ. ಬ್ಯಾಸಿಗ್ಯಾಗೂ ಬತ್ತಂಗಿಲ್ಲ.”

“ಯಾಕ ಸುಳ್ಳು ಹೇಳಿದ್ರಮ್ಮ?”

“ನೀರೈತಿ ಅಂದ್ರ ಅಲ್ಲೇ ಡೇರೆ ಹಾಕ್ತಿದ್ದ. ಆಮ್ಯಾಲೆ ಅವನ ಕುದುರಿಗೆ ಹುಲ್ಲು, ಅವನಿಗೆ ಕೋಳಿ, ಎಲ್ಲಾ ನಾವೇ ಹೊರಬೇಕಲ್ರಿ.”

ಹಿಂದಿನ ಬೆಂಚಿನಿಂದ ಒಬ್ಬ ಕೂಗಿದ: “ಸಾಹೇಬನ ತಲಿ ಮ್ಯಾಲೆ ಮೊದ್ಲೇ ಒಂದು ಟೋಪಿ ಇತ್ತು. ಇವ್ರೂರೋರು ಇನ್ನೊಂದು ಹಾಕಿ ಕಳಿಸ್ಯಾರ!”

ಹೊರಗಿನವರು ಕೇಳಿದರೆ ನೀರಿಲ್ಲ ಅನ್ನಬೇಕೆಂದು, ಆ ಊರಿಗೆ ಸೊಸೆಯಾಗಿ ಬಂದವರಿಗೆ ಮೊದಲ ವರ್ಷವೇ ಹೇಳಿಕೊಡುತ್ತಾರಂತೆ. ಅವಳಿಗೆ ಇದನ್ನೆಲ್ಲ ಹೇಳಿದ್ದು ಅವಳ ಅಜ್ಜಿ. ನನ್ನ ಮೂರು ಪ್ರಶ್ನೆಗಳಲ್ಲಿ ಇದಕ್ಕೆ ಜಾಗವೇ ಇರಲಿಲ್ಲ. ಬರೆದವನನ್ನು ಅನುಮಾನಿಸಲು ಕಲಿಸಿದ್ದೆ. ಹೇಳಿದವರು ಬೇಕೆಂದೇ ಬಾಯಿ ಬಿಡದೆ ಇದ್ದಿರಬಹುದು ಎಂದು ಹೊಳೆದಿರಲಿಲ್ಲ. ಎಲ್ಲ ಬರೆದುಕೊಡು ಎಂದೆ. ನಾಲ್ಕು ಪುಟ ಬರೆದುಕೊಟ್ಟಳು, ಒರತೆಗೆ ಹೋಗುವ ದಾರಿಯ ನಕ್ಷೆ ಸಮೇತ. ಹಂಪಿಯಲ್ಲಿ ನಡೆಯಲಿದ್ದ ವಿಚಾರ ಸಂಕಿರಣದಲ್ಲಿ ಇದನ್ನೇ ಓದುತ್ತೇನೆ ಎಂದು ತರಗತಿಯಲ್ಲಿ ಸಾರಿಬಿಟ್ಟೆ.

ಕೆಲವು ದಿನಗಳ ಮೇಲೆ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು.

“ಸರ್, ಅದನ್ನ ವಾಪಸ್ ಕೊಡ್ರಿ. ಊರಿಗೆ ಗಣಿಯೋರ ಜೀಪು ಬಂದಿತ್ತು. ಗುಡ್ಡಕ್ಕ ಡ್ರಿಲ್ಲಿಂಗ್ ಮಷಿನ್ ಏರಿಸ್ತಾರಂತ, ಅದಕ್ಕ ನೀರು ಬೇಕಂತ. ಎಲ್ಲೈತಿ ಅಂತ ಕೇಳಿದ್ರು. ಅಜ್ಜಿ ಇಲ್ಲ ಅಂದ್ಲು. ನಾ ನೋಡಿದ್ರ ನಿಮಗ ನಕ್ಷೆ ಬರದು ಕೊಟ್ಟೀನಿ.”

“ಊರಿನ ಹೆಸರು ತೆಗೆದು ಓದ್ತೀನಮ್ಮ.”

“ಯಾರಿಗೆ ಓದ್ತೀರಿ ಸರ್?”

ಅದು ನನ್ನದೇ ಎರಡನೆಯ ಪ್ರಶ್ನೆ. ಸಂಕಿರಣದ ಊಟ ಗಣಿಯವರದು ಎಂದು ಆಹ್ವಾನ ಪತ್ರಿಕೆಯಲ್ಲೇ ಅಚ್ಚಾಗಿತ್ತು.

ಆಗಲೇ ಪುಟಗಳನ್ನು ಕೊಟ್ಟೆನೆಂದು ಬಹಳ ಕಾಲ ನಂಬಿದ್ದೆ. ಆದರೆ ಕೊಟ್ಟಿರಲಿಲ್ಲ, ನಾಳೆ ಬಾ ಎಂದಿದ್ದೆ. ಅಂಥ ಬರಹ ಮತ್ತೆ ನನ್ನ ಕೈಗೆ ಬರುವುದಿಲ್ಲವೆಂದು ಗೊತ್ತಿತ್ತು. ಜೆರಾಕ್ಸ್ ಅಂಗಡಿಗೆ ಹೋದೆ. ಕರೆಂಟಿರಲಿಲ್ಲ. ಸ್ವಲ್ಪ ಹೊತ್ತು ಕಾದು ಹಿಂದಿರುಗಿದೆ. ಕರೆಂಟು ಇದ್ದಿದ್ದರೆ ಏನು ಮಾಡುತ್ತಿದ್ದೆನೋ ಹೇಳಲಾರೆ. ಮರುದಿನ ಕೊಟ್ಟೆ. ಅವಳು ಪುಟಗಳನ್ನು ಎಣಿಸಿಕೊಂಡು ಹೋದಳು.

ಸಂಕಿರಣದಲ್ಲಿ ಬೇರೇನೋ ಓದಿದೆ. ಊಟದ ಸಾಲಿನಲ್ಲಿ ನನ್ನ ಹಿಂದಿದ್ದವರು ಗಣಿ ಕಂಪನಿಯೊಂದರ ಎಂಜಿನಿಯರ್. ಅದೇ ಗುಡ್ಡದ ಹೆಸರು ಹೇಳಿ ಕೇಳಿದರು: “ಆ ಕಡೆ ನೀರಿನ ಸುದ್ದಿ ಹಳೇ ದಾಖಲೆಗಳಾಗ ಏನಾರ ಐತೇನ್ರಿ ಸರ್?”

“ಐತ್ರಿ,” ಎಂದೆ. “ಇಂಗ್ಲಿಷ್ ಅಧಿಕಾರಿನೇ ಬರದಾನ. ಅಲ್ಲಿ ಎಲ್ಲೂ ನೀರಿಲ್ಲ.”

ಊರಿನವರು ಹೇಳುತ್ತಾರೆ ಎಂಬುದನ್ನು ಬಿಟ್ಟೆ. ಅವರು ತಟ್ಟೆ ಪಕ್ಕಕ್ಕಿಟ್ಟು, ಡೈರಿ ತೆಗೆದು ಬರೆದುಕೊಂಡರು.