ಸಂದು ಕಾಣದ ಗೋಡೆ

ಗಾರೆಯಣ್ಣ ಕೈಯಿಟ್ಟ ಗೋಡೆಯ ವಯಸ್ಸನ್ನು ದೇವರೇ ಬಂದರೂ ಹೇಳಲಾರ ಎಂದು ಓಣಿಯವರು ಹೇಳುತ್ತಿದ್ದರು. ಹೊಗಳಿಕೆಯೇ, ಆದರೆ ಒಂಚೂರು ಹೊಟ್ಟೆಕಿಚ್ಚೂ ಬೆರೆತದ್ದು. ಓಣಿಯ ಮನೆಗಳೆಲ್ಲ ಊರಿನ ಹಳೆಯ ಕೋಟೆಗೋಡೆಗೆ ಬೆನ್ನು ಕೊಟ್ಟು ಕೂತಂಥವು. ಕೋಟೆಯಿಂದ ಉದುರಿದ ಕಲ್ಲುಗಳನ್ನೇ ಹೊತ್ತು ತಂದು ಎಲ್ಲರೂ ಒಂದೊಂದು ಕೋಣೆ ಎಬ್ಬಿಸಿಕೊಂಡಿದ್ದರು. ಉಳಿದವರ ಗೋಡೆಗಳು ಸೊಟ್ಟ, ಸಿಮೆಂಟಿನ ತೇಪೆ ಬೀದಿಯ ತುದಿಗೇ ಕಾಣುತ್ತಿತ್ತು. ಗಾರೆಯಣ್ಣನದು ಮಾತ್ರ ಸುಣ್ಣದ ಗಾರೆ. ಮಸಿನೀರು ಬಳಿದು, ಕಲ್ಲಿನ ಅಂಚು ಸವೆಸಿ, ಕೋಟೆ ಎಲ್ಲಿ ಮುಗಿಯಿತು, ಮನೆ ಎಲ್ಲಿ ಶುರುವಾಯಿತು ಎಂದು ಸಂದೇ ಕಾಣದ ಹಾಗೆ ಕೂಡಿಸಿದ್ದ.

ಅಷ್ಟೆಲ್ಲ ಒದ್ದಾಡಿ ಕಟ್ಟಿದ್ದು ಹೆಂಡತಿಗಾಗಿ. ಮದುವೆಯಾದ ಹೊಸತರಲ್ಲೇ ಅವಳ ಕಣ್ಣು ಮಂಜಾಗುತ್ತ ಬಂದು ಕಡೆಗೆ ಪೂರ್ತಿ ಹೋಗಿಬಿಟ್ಟಿತು. ಅವಳ ಅಂಗೈ ತರಚಬಾರದೆಂದು ಒಳಗೋಡೆಗಳನ್ನು ನುಣ್ಣಗೆ ಉಜ್ಜಿದ. ಒಲೆಯ ಕಡೆ ತಿರುಗುವಲ್ಲಿ ಒಂದು ಗೀರು ಎಳೆದ, ನೀರಿನ ತೊಟ್ಟಿಯ ಬಳಿ ಒಂದು ಉಬ್ಬು ಬಿಟ್ಟ. ಗೋಡೆ ಸವರುತ್ತ ಅವಳು ಕಣ್ಣಿದ್ದವರಿಗಿಂತ ಚುರುಕಾಗಿ ಓಡಾಡುತ್ತಿದ್ದಳು. ಹೊಸ್ತಿಲು ದಾಟಿದಳೋ, ಮಗುವಿಗಿಂತ ಕಡೆ.

ಗಾರೆಯಣ್ಣನಿಗೆ ಒಂದು ಚಪಲವಿತ್ತು. ಕೋಟೆ ನೋಡಲು ಬಂದವರನ್ನು ಒಳಗೆ ಕರೆದು, ಇದೂ ರಾಜರ ಕಾಲದ್ದೇ, ಕಾವಲಿನವರು ಮಲಗುತ್ತಿದ್ದ ಕೋಣೆ ಎಂದು ನಂಬಿಸಿಬಿಡುತ್ತಿದ್ದ. ಅವರು ಬಾಯಿಬಿಟ್ಟುಕೊಂಡು ಗೋಡೆ ಮುಟ್ಟುವಾಗ ಎದುರುಮನೆಯ ಟೈಲರ್ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಒಮ್ಮೆ ಕನ್ನಡಕದವರೊಬ್ಬರು ಬಂದು, ಎಲ್ಲ ಕೇಳಿ, ತಲೆದೂಗಿ, ಫೋಟೊ ತೆಗೆದುಕೊಂಡು ಹೋದರು. ಅವರು ಹಳೆಯ ಕಟ್ಟಡಗಳ ಇಲಾಖೆಯ ಸಾಹೇಬರೆಂದು ತಿಳಿದದ್ದು ಅವರು ಮತ್ತೆ ಬಂದಾಗಲೇ. ಕಾವಲು ಕೋಣೆಯಲ್ಲಿ ಯಾರೂ ವಾಸವಿರುವಂತಿಲ್ಲ, ಮನೆ ಬಿಡಬೇಕು ಎಂದರು.

"ಸಾರ್, ಅದು ತಮಾಷೆಗೆ ಅಂದಿದ್ದು. ಇದನ್ನ ಕಟ್ಟಿದ್ದು ನಾನೇ."

"ಅವತ್ತು ಹೇಳಿದ್ದೂ ನೀವೇ ಅಲ್ವಾ? ಸರಿ, ಎಲ್ಲಿಂದ ಕಟ್ಟಿದ್ರಿ, ತೋರಿಸಿ."

ಗಾರೆಯಣ್ಣ ಉಳಿ ಹಿಡಿದು ತನ್ನ ಗಾರೆಯನ್ನೇ ಕಿತ್ತ. ಒಳಗೆ ಕೋಟೆಯ ಕಲ್ಲು. ಇನ್ನಷ್ಟು ಕಿತ್ತ, ಮತ್ತೆ ಅದೇ ಕಲ್ಲು. ಸಾಹೇಬರು ಹೊರಟುಹೋದರು.

ಅವನು ಕಟ್ಟುವುದನ್ನು ಕಂಡಿದ್ದೇವೆ ಎಂದು ಓಣಿಯವರು ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ಕಲ್ಲು ಹೊತ್ತದ್ದನ್ನು ಬಾಯಿಬಿಟ್ಟರೆ ಅವರ ಮನೆಗಳಿಗೂ ಕುತ್ತು. ಗಾರೆಯಣ್ಣ ಒಬ್ಬೊಬ್ಬರ ಬಾಗಿಲಿಗೂ ಹೋಗಿ ಬಂದ. ಟೈಲರ್ ಹೊಲಿಗೆಯಿಂದ ತಲೆಯೆತ್ತಲಿಲ್ಲ.

"ನಂಗೂ ಹೆಂಡ್ತಿ ಮಕ್ಕಳಿದಾರೆ ಅಣ್ಣ. ನಾನು ಏನೂ ನೋಡಿಲ್ಲ ಅಂತಾನೇ ಹೇಳೋದು."

ಗಾರೆಯಣ್ಣನಿಗೆ ಸಿಟ್ಟು ಕೂಡ ಬರಲಿಲ್ಲ. ಆ ಜಾಗದಲ್ಲಿ ತಾನಿದ್ದಿದ್ದರೂ ಅಷ್ಟೇ ಹೇಳುತ್ತಿದ್ದೆ ಅನ್ನಿಸಿತು.

ಊರಾಚೆ, ಭಾವಮೈದುನನ ಗೋದಾಮಿನ ಪಕ್ಕ ಒಂದು ಕೋಣೆ ಸಿಕ್ಕಿತು. ಸಾಮಾನು ಗಾಡಿಗೇರಿದ ಮೇಲೆ ಹೆಂಡತಿ ಕೇಳಿದಳು:

"ಅಲ್ಲಿ ಗೋಡೆ ಎಂಥದು ರೀ?"

"ತಗಡಿಂದು."

"ಸವರಿಕೊಂಡು ಓಡಾಡಬಹುದಾ?"

"ಬೆಳಿಗ್ಗೆ ಹೊತ್ತು ಆಗುತ್ತೆ. ಆಮೇಲೆ ಬಿಸಿಲಿಗೆ ಕಾದುಬಿಡುತ್ತೆ."

ಅವಳು ಒಂದು ಸುತ್ತು ಹಾಕಿ ಬರುತ್ತೇನೆಂದು ಗೋಡೆಗುಂಟ ಹೊರಟಳು. ಅವನು ಗಾರೆ ಕಿತ್ತ ಜಾಗದಲ್ಲಿ ಕೈಗೆ ಗೋಡೆಯ ನುಣುಪು ಸಿಗದೆ ತಡವರಿಸಿ ನಿಂತುಬಿಟ್ಟಳು. ಆ ಮನೆಯೊಳಗೆ ಅವಳು ಹಾಗೆ ನಿಂತದ್ದನ್ನು ಅವನು ಕಂಡಿರಲಿಲ್ಲ. ಹೋಗಿ ರಟ್ಟೆ ಹಿಡಿದ. ಇಬ್ಬರೂ ಹೊಸ್ತಿಲು ದಾಟಿದರು. ಬೀಗ ಹಾಕುವ ಹಕ್ಕು ಈಗ ಅವನದಲ್ಲ. ಬಾಗಿಲನ್ನು ಹಾಗೇ ಮುಂದಕ್ಕೆಳೆದು ಬೀದಿಗಿಳಿದ.