ಒಲೆಯ ಮೇಲಿನ ನೆರಳು

ಹರಿಯಬ್ಬೆಯ ಏಕಾಂತಮ್ಮನಿಗೆ ಮನೆಯೊಳಗಿನ ಅಡುಗೆಕೋಣೆ ಎಂದೂ ಒಗ್ಗಲಿಲ್ಲ. ತುರುವನೂರಿನಿಂದ ಮದುವೆಯಾಗಿ ಬಂದ ಹೊಸದರಲ್ಲೇ ಹಿತ್ತಿಲಲ್ಲಿ ಕಲ್ಲು ಹೂಡಿ ಒಲೆ ಹಾಕಿಕೊಂಡವಳು. ಸುತ್ತಲಿನ ಊರುಗಳ ನಾಮಕರಣ, ಗೃಹಪ್ರವೇಶಗಳಿಗೆ ಅಡುಗೆ ಮಾಡಿಕೊಡುವುದು ಅವಳ ಕಸುಬಾದ ಮೇಲೆ ಆ ಒಲೆ ಮೂರಾಯಿತು. ತಲೆಯ ಮೇಲೆ ಮಾತ್ರ ಏನೂ ನಿಲ್ಲುತ್ತಿರಲಿಲ್ಲ. ತೆಂಗಿನ ಗರಿಯ ಚಪ್ಪರಕ್ಕೆ ಒಮ್ಮೆ ಕಿಡಿ ಹತ್ತಿತು. ಆಮೇಲೆ ಹಾಕಿಸಿದ ತಗಡು ಆಷಾಢದ ಗಾಳಿಗೆ ಕಿತ್ತುಬಂದು, ಗಂಡ ಗೊಲ್ಲಪ್ಪನ ಭುಜ ಸೀಳಿಕೊಂಡು ಹೋಗಿ ಬೇಲಿಗೆ ಬಿತ್ತು.

"ಇನ್ನು ಈ ಹಿತ್ತಲಿಗೆ ತಗಡು ಬ್ಯಾಡ," ಎಂದು ಗೊಲ್ಲಪ್ಪ ಆಣೆ ಹಾಕಿದ.

ಹೀಗೆ ಮುಂದಿನ ಬೇಸಿಗೆಯಲ್ಲಿ ಏಕಾಂತಮ್ಮ ಸುಡುವ ಬಿಸಿಲಲ್ಲೇ ಬೇಯಿಸಿದಳು. ಏಪ್ರಿಲ್‌ನ ಒಂದು ಮಧ್ಯಾಹ್ನ ಸೌಟು ಹಿಡಿದಿದ್ದ ಹಾಗೇ ಕಣ್ಣು ಕತ್ತಲೆಗಟ್ಟಿ ಕುಸಿದಳು. ಒಲೆಗೆ ಬೀಳುವ ಮುನ್ನ ರಟ್ಟೆ ಹಿಡಿದು ಎಳೆದವಳು ಸೊಸೆ ಉಷಾರಾಣಿ. ಅವತ್ತಿನಿಂದ ಉಷಾರಾಣಿಗೆ ಅದೇ ಚಿಂತೆ. ಮೊಬೈಲಿನಲ್ಲಿ ಹುಡುಕಿ ಹುಡುಕಿ ಕೊನೆಗೆ ಒಂದು ಚಿತ್ರ ತೋರಿಸಿದಳು.

"ಪರ್ಗೋಲಾ ಅಂತಾರತ್ತೆ. ನಾಕು ಕಂಬ, ಮ್ಯಾಲೆ ಪಟ್ಟಿ ಪಟ್ಟಿ. ಗಾಳಿ ಆಚೆ ಹೋಗ್ತೈತೆ, ಹಾರಿಹೋಗಕ್ಕೆ ಏನೂ ಇರಲ್ಲ. ಮಾವನ ಭಯಾನೂ ಇಲ್ಲ."

"ಮಳೆ ಬಂದ್ರೆ?"

"ಮೋಡ ಕಂಡ್ರೆ ಟಾರ್ಪಾಲು ಎಳಕಳಾಣ."

ಹಿರಿಯೂರಿನ ವೆಲ್ಡಿಂಗ್ ಅಂಗಡಿಯ ಓಬಳೇಶ್ ಬಂದು ಕಂಬ ನೆಟ್ಟು ಪಟ್ಟಿ ಕೂರಿಸಿದ. ಹೊಗೆ ಹೋಗಲೆಂದು ಒಲೆಯ ನೇರಕ್ಕೆ ಪಟ್ಟಿಗಳ ನಡುವೆ ಅಗಲವಾದ ಬಾಯೊಂದನ್ನು ತೆರೆದಿಟ್ಟ. ಎಲ್ಲರಿಗೂ ಅದು ಸರಿಯೆನಿಸಿತು. ಸೊಪ್ಪು ಬಿಡಿಸುವ ಹೆಂಗಸರು ನೆರಳಲ್ಲಿ ಕುಂತು, ಇಷ್ಟು ದಿನ ಯಾಕೆ ಮಾಡಿಸಲಿಲ್ಲ ಎಂದು ಏಕಾಂತಮ್ಮನನ್ನೇ ಬೈದರು.

ಮೇ ತಿಂಗಳಲ್ಲಿ ಧರ್ಮಪುರದವರ ಗೃಹಪ್ರವೇಶಕ್ಕೆ ವಡೆಯ ಆರ್ಡರ್ ಬಂತು. ಅವತ್ತು ಬೆಳಗಿನಿಂದಲೇ ಸೆಕೆ. ಮಧ್ಯಾಹ್ನ ಪಡುವಣ ದಿಕ್ಕು ಕಪ್ಪಾದಾಗ ಅತ್ತೆ-ಸೊಸೆ ಸೇರಿ ಟಾರ್ಪಾಲು ಎಳೆದು, ಒಂದು ಅಂಚನ್ನು ಕೊಟ್ಟಿಗೆಯ ಕಡೆಗೂ ಇನ್ನೊಂದನ್ನು ಮನೆಯ ಕಡೆಗೂ ಹಗ್ಗದಿಂದ ಕಟ್ಟಿದರು. ದೊಡ್ಡ ಬಾಣಲೆಯ ಎಣ್ಣೆ ಕಾದು ಹೊಗೆಯಾಡುತ್ತಿತ್ತು. ಮೊದಲ ವಡೆ ಬಿಟ್ಟದ್ದೇ ತಡ, ಮಳೆ ಧೋ ಎಂದು ಸುರಿಯಿತು, ಜೊತೆಗೆ ಆಲಿಕಲ್ಲು.

ಸ್ವಲ್ಪ ಹೊತ್ತಿಗೆ ಏಕಾಂತಮ್ಮ ಸುಮ್ಮನೆ ತಲೆಯೆತ್ತಿದಳು. ಕೈಯಲ್ಲಿದ್ದ ಹಿಟ್ಟು ಕೈಯಲ್ಲೇ ಉಳಿಯಿತು. ಹೊಗೆಗೆಂದು ಬಿಟ್ಟ ಬಾಯಿಯಲ್ಲಿ ಟಾರ್ಪಾಲು ತುಂಬುಗರ್ಭಿಣಿಯ ಹೊಟ್ಟೆಯಂತೆ ಇಳಿಬಿದ್ದಿತ್ತು. ಕೊಡಗಟ್ಟಲೆ ನೀರು. ಅದರ ಅಡಿಗೆ ನೇರವಾಗಿ ಕಾದ ಎಣ್ಣೆ.

"ಎಲ್ರೂ ಒಳಗೆ ಹೋಗ್ರಿ!" ಎಂದು ಕೂಗಿದಳು. ಹೆಂಗಸರು ಮೊರ ಬಿಟ್ಟು ಎದ್ದು ಓಡಿದರು.

ಗೊಲ್ಲಪ್ಪ ಮಾತ್ರ ಗಳ ಎತ್ತಿಕೊಂಡು ಬಂದು ನೀರಿನ ಹೊಟ್ಟೆಯನ್ನು ಮೇಲಕ್ಕೆ ನೂಕಿದ. ನೀರು ಪಕ್ಕಕ್ಕೆ ಉರುಳಿ ಒಂದು ಕಡೆ ಇನ್ನೂ ಜಗ್ಗಿತು. ಹೊಲಿಗೆಯ ಸಂದಿಯಿಂದ ಒಂದು ಹನಿ ಎಣ್ಣೆಗೆ ಬಿದ್ದು ಚಟಾರೆಂದು ಸಿಡಿಯಿತು.

"ನೂಕಬ್ಯಾಡ್ರಿ! ಹಂಗೇ ಹಿಡ್ಕಂಡಿರ್ರಿ, ಅಳ್ಳಾಡಬ್ಯಾಡ್ರಿ!" ಎಂದು ಏಕಾಂತಮ್ಮ ಗಂಡನಿಗೆ ಕೂಗಿದಳು.

ಗೊಲ್ಲಪ್ಪ ಹಾಗೇ ನಿಂತ. ಹಳೆಯ ಗಾಯದ ಭುಜ ನಡುಗುತ್ತಿತ್ತು. ಇಳಿಸುವಂತಿಲ್ಲ, ಏರಿಸುವಂತಿಲ್ಲ. ಏಕಾಂತಮ್ಮ ಬಗ್ಗಿ ಉರಿಯುವ ಕೊಳ್ಳಿಗಳನ್ನು ಬರಿಗೈಯಲ್ಲೇ ಎಳೆದು ಮಳೆಗೆ ಎಸೆದಳು. ಉಷಾರಾಣಿ ಅನ್ನ ಹರವುವ ದೊಡ್ಡ ತಟ್ಟೆಯನ್ನು ಎದೆಗೆ ಅಡ್ಡ ಹಿಡಿದು ಬಂದು ಬಾಣಲೆಯ ಮೇಲೆ ಮೆಲ್ಲಗೆ ಕವುಚಿದಳು. ತಟ್ಟೆಯ ಅಡಿಯಲ್ಲಿ ಎಣ್ಣೆ ಬುಸುಗುಟ್ಟಿತು.

"ಬೇಗ ಬೇಗ, ಕೈ ಸೋಲ್ತೈತೆ," ಎಂದ ಗೊಲ್ಲಪ್ಪ.

"ಉಷಾ, ಕುಡುಗೋಲು ತಗಾ. ಕೊಟ್ಟಿಗೆ ಕಡೀದು ಹಗ್ಗ ಕೊಯ್ಯಿ. ಈ ಕಡೀದು ಮುಟ್ಟಬ್ಯಾಡ!"

ಒದ್ದೆ ಹಗ್ಗ ಬೇಗ ತುಂಡಾಗಲಿಲ್ಲ. ಉಷಾರಾಣಿ ಅಳುತ್ತಲೇ ಗೀರಿದಳು. ಕೊನೆಯ ಎಳೆ ಹರಿದದ್ದೇ ಟಾರ್ಪಾಲಿನ ಅಂಚು ಕೊಟ್ಟಿಗೆಯ ಕಡೆಗೆ ಮಡಚಿ ಬಿತ್ತು. ನೀರೆಲ್ಲ ಆಲಿಕಲ್ಲಿನ ಸಮೇತ ಭೋರೆಂದು ಅತ್ತ ಸುರಿದು ಉದ್ದಿನ ಹಿಟ್ಟಿನ ಪಾತ್ರೆಯನ್ನು ಉರುಳಿಸಿಕೊಂಡು ಹೋಯಿತು. ಗೊಲ್ಲಪ್ಪ ಗಳ ಬಿಟ್ಟು ನೆಲಕ್ಕೆ ಕುಂತುಬಿಟ್ಟ.

ಏಕಾಂತಮ್ಮನ ಎರಡೂ ಅಂಗೈಯಲ್ಲಿ ಬೊಬ್ಬೆ ಎದ್ದಿದ್ದವು. ಧರ್ಮಪುರದವರಿಗೆ ಫೋನು ಮಾಡಿಸಿ ವಡೆ ಆಗುವುದಿಲ್ಲ ಎಂದು ಹೇಳಿಸಿದಳು. ಅವರು ಸಿಡುಕಿದರು. ಆಮೇಲೆ ಆ ಮನೆಯಿಂದ ಯಾರೂ ಕರೆಯಲಿಲ್ಲ.

"ನಾನೇ ಆರಿಸಿದ್ದು ಅತ್ತೆ," ಎಂದು ಉಷಾರಾಣಿ ಕೈಗೆ ಮುಲಾಮು ಹಚ್ಚುತ್ತಾ ಬಿಕ್ಕಿದಳು. "ನಾಳೆನೇ ಕಿತ್ತಾಕಿಸಿಬಿಡಾಣ."

"ಯಾಕೆ ಕೀಳಾದು? ನಾನು ಬಿದ್ದಿದ್ದು ಕಂಡು ಬಿಸಿಲು ಒಂದಕ್ಕೇ ಹೆದರಿದ್ದೆ ನೀನು. ನಾನೇನು, ಇಷ್ಟು ವರ್ಷ ಅಡುಗೆ ಮಾಡಿದೋಳು, ಆ ಬಾಯಿ ನೋಡಿರ್ಲಿಲ್ವಾ? ನೆರಳು ಸಿಕ್ತು ಅಂತ ಸುಮ್ಕಾದೆ."

ಕೈ ವಾಸಿಯಾಗುವ ತನಕ ಕಾದು ಓಬಳೇಶನನ್ನು ಮತ್ತೆ ಕರೆಸಿದರು. ತರಕಾರಿ ಹೆಚ್ಚುವ ಕಡೆ ಪಟ್ಟಿಗಳು ಹಾಗೇ ಉಳಿದವು. ಒಲೆಗಳ ಮೇಲೆ ಮಾತ್ರ ತಗಡೇ ಬರಬೇಕೆಂದು ಏಕಾಂತಮ್ಮ ಪಟ್ಟು ಹಿಡಿದಳು. ಎತ್ತರಕ್ಕೆ, ಕೊಟ್ಟಿಗೆಯ ಕಡೆಗೆ ಚೆನ್ನಾಗಿ ಇಳಿಜಾರಾಗಿ, ಹೊಗೆಗೆ ಪಕ್ಕದಲ್ಲಿ ದಾರಿ. ಆಣೆ ಹಾಕಿದ್ದ ಗೊಲ್ಲಪ್ಪ ಎರಡು ದಿನ ಹಿತ್ತಿಲಿಗೆ ಕಾಲಿಡಲಿಲ್ಲ. ಮೂರನೆಯ ದಿನ ತಾನೇ ಏಣಿ ಹತ್ತಿ, ಓಬಳೇಶ್ ಬಿಗಿದ ಒಂದೊಂದು ಬೋಲ್ಟನ್ನೂ ಸ್ಪ್ಯಾನರ್ ಹಾಕಿ ಮತ್ತೆ ಬಿಗಿದ.

ಆಷಾಢದ ಗಾಳಿ ಎದ್ದಾಗ ತಗಡು ರಾತ್ರಿಯಿಡೀ ಗುಡುಗಿತು, ಆದರೆ ಕದಲಲಿಲ್ಲ. ಬೆಳಿಗ್ಗೆ ಏಕಾಂತಮ್ಮ ಒಲೆ ಹಚ್ಚಿದಳು. ಎಣ್ಣೆ ಇಡುವ ಮುನ್ನ ಸೊಸೆಯನ್ನು ಕೂಗಿದಳು. ಇಬ್ಬರೂ ಒಂದು ಸಲ ಮೇಲೆ ನೋಡಿದರು.