ಹುಳುಮನೆಯ ಬಾಗಿಲು

ಕ್ಯಾಲನೂರಿನ ಆವಲಮ್ಮನಿಗೆ ಕೋಪ ಬರುವುದಕ್ಕೆ ಕಾರಣ ಬೇಕಾಗಿರಲಿಲ್ಲ. ಡೇರಿಯಲ್ಲಿ ಹಾಲು ಅಳೆಯುವವನಿಂದ ಹಿಡಿದು ಕೋಲಾರದ ಬಸ್ಸಿನ ಕಂಡಕ್ಟರನವರೆಗೆ ಎಲ್ಲರೂ ಅವಳ ಬಾಯಿಯ ರುಚಿ ಕಂಡವರೇ. ಸಣ್ಣ ಕೋಪಕ್ಕೆ ಕನ್ನಡದಲ್ಲಿ ಬೈಯುತ್ತಿದ್ದಳು, ದೊಡ್ಡ ಕೋಪಕ್ಕೆ ತೆಲುಗಿನಲ್ಲಿ. ತವರು ಗೌನಿಪಲ್ಲಿ, ಆಂಧ್ರದ ಗಡಿಗೆ ಅಂಟಿಕೊಂಡ ಮಾವಿನ ಸೀಮೆ. ಮದುವೆಯಲ್ಲಿ ಅಲ್ಲಿಂದ ಎರಡು ಬಿಂದಿಗೆ, ಒಂದು ಹಸು ಮತ್ತು ಆ ತೆಲುಗು ಬೈಗುಳಗಳನ್ನು ತಂದಿದ್ದಳು. ಹಸುವೂ ಬಿಂದಿಗೆಯೂ ಎಂದೋ ಹೋದವು. ಮೂರನೆಯದು ಇನ್ನೂ ಹೊಸದರಂತೆಯೇ ಇತ್ತು.

ಮನೆಯಲ್ಲಿ ಅವಳಿಗೆ ಹೆದರದವರು ಇಬ್ಬರು. ಒಬ್ಬ ಗಂಡ ಗುರುವಪ್ಪ. ಅವನಿಗೆ ಒಂದು ಕಿವಿ ಮಂದ, ಇನ್ನೊಂದು ಕಿವಿಯನ್ನು ಬೇಕೆಂದಾಗ ಮಂದ ಮಾಡಿಕೊಳ್ಳುವುದನ್ನು ಮದುವೆಯಾದ ವರ್ಷವೇ ಕಲಿತಿದ್ದ. ಇನ್ನೊಬ್ಬಳು ಐದು ವರ್ಷದ ಮೊಮ್ಮಗಳು ಅರ್ಪಿತ. ಮಗ ನಂದಕುಮಾರನೂ ಸೊಸೆ ಮೇಘನಳೂ ಹೆದರುವವರ ಪೈಕಿ. ಇಬ್ಬರೂ ವೇಮಗಲ್ಲಿನ ಫ್ಯಾಕ್ಟರಿಗಳಲ್ಲಿ ಕೆಲಸಕ್ಕೆ ಹೋಗುತ್ತಿದ್ದರು.

ಮನೆಯ ಹಿಂದೆ ಹಿಪ್ಪುನೇರಳೆ ತೋಟ, ಅದರ ಪಕ್ಕಕ್ಕೆ ರೇಷ್ಮೆ ಹುಳು ಸಾಕುವ ಹುಳುಮನೆ. ಆ ಹುಳುಮನೆ ಆವಲಮ್ಮನ ರಾಜ್ಯ. ಹುಳು ನಾಲ್ಕು ಸಲ ಮೇವು ಬಿಟ್ಟು ಮಲಗುತ್ತದೆ. ಊರಿನವರು ಅದನ್ನು ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರದಿಂದ ಎದ್ದ ಮೇಲೆ ಅದು ದೊಡ್ಡ ಹುಳು. ಆಗ ಹಗಲು ರಾತ್ರಿ ತಿನ್ನುತ್ತದೆ, ಆಮೇಲೆ ಹಣ್ಣಾಗಿ ಗೂಡು ಕಟ್ಟುತ್ತದೆ. ಆ ದಿನಗಳಲ್ಲಿ ಹುಳುಮನೆಯ ಬಾಗಿಲು ಬೇರೆಯವರಿಗೆ ತೆರೆಯುವುದಿಲ್ಲ. ಒಳಗೆ ಹೋಗುವ ಮನೆಯವರೂ ಬ್ಲೀಚಿಂಗ್ ಪುಡಿಯ ನೀರಲ್ಲಿ ಕಾಲು ತೊಳೆಯಬೇಕು. ಬೀಡಿ ಕೂಡದು, ಸೆಂಟು ಕೂಡದು. ಮಲ್ಲಿಗೆಯೆಂದರೆ ಪ್ರಾಣ ಬಿಡುವ ಆವಲಮ್ಮ ಆ ವಾರ ತಾನೂ ಹೂ ಮುಡಿಯುತ್ತಿರಲಿಲ್ಲ.

ಆ ಬಾಗಿಲಿಗಾಗಿ ಅವಳು ಕಳೆದುಕೊಂಡದ್ದು ಸಣ್ಣದಲ್ಲ. ಒಂದು ಬೇಸಿಗೆಯಲ್ಲಿ ಗೌನಿಪಲ್ಲಿಯಿಂದ ಅಕ್ಕ ಆಂಜಿನಮ್ಮ ಬಂದಿದ್ದಳು, ಮೊದಲ ಕೊಯ್ಲಿನ ಮಾವಿನಹಣ್ಣು ಹೊತ್ತುಕೊಂಡು. ಬಾಯಲ್ಲಿ ಎಲೆಅಡಿಕೆ, ಹೊಗೆಸೊಪ್ಪು. ತಂಗಿಯ ಹುಳು ನೋಡುತ್ತೇನೆಂದು ನೇರ ಹುಳುಮನೆಗೆ ನಡೆದಳು. ಹೊಗೆಸೊಪ್ಪಿನ ಘಾಟು ತಾಗಿದರೆ ಹುಳು ಉಳಿಯುವುದಿಲ್ಲ. ಆವಲಮ್ಮ ಬಾಗಿಲಿಗೆ ಅಡ್ಡ ನಿಂತು, "ಅಲ್ಲೇ ನಿಂತ್ಕೋ ಅಕ್ಕ, ಒಳಗೆ ಕಾಲಿಟ್ರೆ ನೋಡು" ಎಂದಳು. ಮೆತ್ತಗೆ ಹೇಳಬಹುದಿತ್ತು. ಮೆತ್ತಗೆ ಹೇಳುವುದು ಅವಳ ಜಾತಕದಲ್ಲೇ ಇರಲಿಲ್ಲ. ಆಂಜಿನಮ್ಮ ಹಣ್ಣಿನ ಬುಟ್ಟಿ ಅಂಗಳದಲ್ಲೇ ಇಳಿಸಿ ಅದೇ ಬಸ್ಸಿಗೆ ಹಿಂದಿರುಗಿದಳು. ನಂದಕುಮಾರನ ಮದುವೆಗೂ ಬರಲಿಲ್ಲ. ಆ ವರ್ಷ ಗೂಡು ಮಾತ್ರ ಬೆಳ್ಳಗೆ, ಗಟ್ಟಿಯಾಗಿ ಬಂದಿತ್ತು.

ಇಂಥ ಆವಲಮ್ಮನ ಮೊಮ್ಮಗಳನ್ನು ನಂದಕುಮಾರ ವೇಮಗಲ್ ರಸ್ತೆಯ ಮಾಂಟೆಸ್ಸರಿ ಶಾಲೆಗೆ ಸೇರಿಸಿದ. ಅದೇನು ಕಲಿಸುತ್ತಾರೋ ನೋಡೋಣವೆಂದು ಆವಲಮ್ಮ ಒಂದು ದಿನ ಹೋದಳು. ಅರ್ಪಿತ ಒಂದು ಜಗ್ಗಿನಿಂದ ಇನ್ನೊಂದು ಜಗ್ಗಿಗೆ ನೀರು ಸುರಿಯುತ್ತಿದ್ದಳು. ಮತ್ತೊಂದು ಮಗು ಅವರೆಕಾಳು ಬೇರೆ, ಹುರುಳಿಕಾಳು ಬೇರೆ ಮಾಡುತ್ತಿತ್ತು. ಇನ್ನೊಂದು ಪುಟ್ಟ ಪೊರಕೆ ಹಿಡಿದು ಕಸ ಗುಡಿಸುತ್ತಿತ್ತು. ಆವಲಮ್ಮನ ಮೈ ಉರಿದುಹೋಯಿತು. "ಇದಕ್ಕಾ ಫೀಸು ಕಟ್ಟೋದು? ನಮ್ಮನೆ ಅಂಗಳ ಗುಡಿಸ್ಲಿ, ಬೇಕಾದ್ರೆ ನಾನೇ ಮಿಸ್ ಆಗ್ತೀನಿ" ಎನ್ನುತ್ತ ಮುಂದೆ ಹೆಜ್ಜೆ ಇಟ್ಟಳು. ಹೆಜ್ಜೆ ಒಂದು ಹುಡುಗಿಯ ಚಾಪೆಯ ಮೇಲೆ ಬಿತ್ತು.

"ಅಜ್ಜಿ, ಇದು ನನ್ನ ಚಾಪೆ. ನೋಡ್ಬೇಕಾದ್ರೆ ಕೇಳ್ಬೇಕು" ಎಂದಿತು ಆ ಮಗು.

ಟೀಚರು ಸುನಂದ ಮಿಸ್ ನಗುತ್ತ ವಿವರಿಸಿದರು. ಇಲ್ಲಿ ಒಬ್ಬರ ಚಾಪೆಯನ್ನು ಇನ್ನೊಬ್ಬರು ತುಳಿಯುವುದಿಲ್ಲ. ಒಬ್ಬರ ಕೆಲಸವನ್ನು ಇನ್ನೊಬ್ಬರು ಕೇಳದೆ ಮುಟ್ಟುವುದಿಲ್ಲ. ನೋಡಬೇಕೆಂದರೆ ಕೇಳಿ, ಕೈ ಹಿಂದೆ ಕಟ್ಟಿಕೊಂಡು ನೋಡಬೇಕು. ಆವಲಮ್ಮ ಕಾಲು ಹಿಂದಕ್ಕೆ ತೆಗೆದಳು. ಆ ಒಂದು ಪಾಠ ಅವಳಿಗೆ ಹಿಡಿಸಿತು. ಹಿಡಿಸಿತೆಂದು ಯಾರಿಗೂ ಹೇಳಲಿಲ್ಲ, ಮನೆಗೆ ಬಂದು ಶಾಲೆಯನ್ನು ಬೈದಳು.

ಆ ಶಾಲೆಯಲ್ಲಿ ತಿಂಗಳಿಗೊಂದು ಭಾನುವಾರ ಮನೆಮಂದಿಯೆಲ್ಲ ಸೇರುವ ಪದ್ಧತಿ. ಒಂದು ಸಲ ಅಪ್ಪಂದಿರು ಸೇರಿ ಉಪ್ಪಿಟ್ಟು ಮಾಡಿ ತಳ ಹೊತ್ತಿಸಿದ್ದರು. ಸಂಕ್ರಾಂತಿಗೆ ಎಲ್ಲರೂ ಕೂತು ಕೊಬ್ಬರಿ, ಬೆಲ್ಲ ಹೆಚ್ಚಿ ಎಳ್ಳು ಬೀರಿದ್ದರು. ಶಿವರಾತ್ರಿ ಹತ್ತಿರವಾದಾಗ, ಈ ಸಲ ಯಾವುದಾದರೂ ಮಗುವಿನ ಮನೆಗೆ ಹೋಗಿ ಅಲ್ಲಿಯ ಕಸುಬು ನೋಡೋಣ ಎಂಬ ಮಾತು ಬಂತು. ನಂದಕುಮಾರ ಎದ್ದು ನಿಂತು, "ನಮ್ಮನೆಗೆ ಬನ್ನಿ, ರೇಷ್ಮೆ ಹುಳು ತೋರಿಸ್ತೀವಿ" ಎಂದುಬಿಟ್ಟ. ಎಲ್ಲರೂ ಚಪ್ಪಾಳೆ ತಟ್ಟಿದರು. ಫ್ಯಾಕ್ಟರಿಯಲ್ಲಿ ಸೂಪರ್‌ವೈಸರನ ಕೈಲಿ ದಿನಾ ಅನ್ನಿಸಿಕೊಳ್ಳುವವನಿಗೆ ಆ ಚಪ್ಪಾಳೆ ಹಿತವಾಗಿತ್ತು.

ಮನೆಯಲ್ಲಿ ವಿಷಯ ಹೇಳಿದ್ದು ಭಾನುವಾರಕ್ಕೆ ನಾಲ್ಕು ದಿನ ಇದೆ ಅನ್ನುವಾಗ.

"ಏನ್ಲಾ, ಹುಳು ಈಗಷ್ಟೇ ನಾಲ್ಕನೇ ಜ್ವರದಿಂದ ಎದ್ದೈತೆ. ಸಂತೆ ಕರ್ಕೊಂಡ್ ಬರ್ತೀಯಾ?" ಆವಲಮ್ಮ ಸೊಪ್ಪು ಕೊಚ್ಚುವ ಮಚ್ಚು ಕೆಳಗಿಡದೆ ಕೇಳಿದಳು.

"ಸಂತೆ ಅಲ್ಲಮ್ಮ, ನಮ್ಮ ಸ್ಕೂಲ್ ಫ್ಯಾಮಿಲಿಗಳು. ಓದಿದೋರು."

"ಓದಿದೋರ ಕಾಲಿಗೆ ಮಣ್ಣು ಅಂಟಲ್ವಾ? ನನ್ನ ಒಂದು ಮಾತು ಕೇಳಿದ್ಯಾ?"

ನಂದಕುಮಾರ ಮೊಬೈಲು ನೋಡುತ್ತ ಒಳಗೆ ಹೋದ. ಆವಲಮ್ಮ ಮರುದಿನ ಸೀದಾ ಶಾಲೆಗೆ ಹೋದಳು. ಯಾರೂ ಬರಕೂಡದೆಂದು ಖಡಾಖಂಡಿತವಾಗಿ ಹೇಳಿ ಬರುವುದೆಂದೇ ಹೊರಟಿದ್ದು. ಸುನಂದ ಮಿಸ್ ಬೆಚ್ಚಿಬಿದ್ದರು.

"ಅಮ್ಮನ್ನ ಕೇಳಿದೀನಿ, ಖುಷಿಯಾಗಿ ಒಪ್ಪಿದಾರೆ ಅಂದ್ರಲ್ಲಮ್ಮ ನಿಮ್ಮ ಮಗ? ನಿಮಗೆ ಇಷ್ಟ ಇಲ್ಲ ಅಂದ್ರೆ ಈಗಲೇ ಬೇಡ ಅಂತೀನಿ. ಅದರಲ್ಲಿ ಏನಿದೆ."

ಆವಲಮ್ಮನಿಗೆ ಜಗಳವಾಡಲು ಎದುರಾಳಿಯೇ ಸಿಗಲಿಲ್ಲ. ಅಷ್ಟರಲ್ಲಿ ಪಕ್ಕದ ಕೋಣೆ ಕಣ್ಣಿಗೆ ಬಿತ್ತು. ಅರ್ಪಿತ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, "ಮೊದಲು ಕಾಲು ತೊಳೀಬೇಕು. ಕೈ ಹಿಂದೆ. ಜೋರಾಗಿ ಮಾತಾಡಿದ್ರೆ ನಮ್ಮಜ್ಜಿ ಬೈತಾರೆ" ಎಂದು ಪಾಠ ಮಾಡುತ್ತಿದ್ದಳು. ಮಕ್ಕಳೆಲ್ಲ ಕೈ ಹಿಂದೆ ಕಟ್ಟಿ, ಇಲ್ಲದ ಹುಳುವನ್ನು ಬಗ್ಗಿ ನೋಡುತ್ತಿದ್ದರು. ಒಡಹುಟ್ಟಿದ ಅಕ್ಕನಿಗೆ ಸೋಲದವಳು ಆ ಮಗುವಿಗೆ ಸೋತಳು.

"ಆಯ್ತು ಮಿಸ್ಸಮ್ಮ, ಬನ್ನಿ" ಎಂದಳು, ಬೈಯುವ ದನಿಯಲ್ಲೇ. "ದೊಡ್ಡೋರು ಅಂಗಳದಲ್ಲೇ ಇರ್ಬೇಕು. ಮಕ್ಕಳು ಕಾಲು ತೊಳ್ಕೊಂಡು ಹೊಸ್ತಿಲ ತನಕ. ಒಳಗಿಲ್ಲ."

ಸುನಂದ ಮಿಸ್ ಒಪ್ಪಿದರು. ದಾರಿಯುದ್ದಕ್ಕೂ ಆವಲಮ್ಮ ತನ್ನನ್ನು ತಾನೇ ಬೈದುಕೊಂಡಳು. ಮಗ ಸುಳ್ಳು ಹೇಳಿದ್ದಕ್ಕೆ ಬೈದಳು, ಆ ಸುಳ್ಳನ್ನು ತಾನೇ ನಿಜ ಮಾಡಿ ಬಂದದ್ದಕ್ಕೆ ಇನ್ನಷ್ಟು ಬೈದುಕೊಂಡಳು.

ಶನಿವಾರ ಅಂಗಳಕ್ಕೆ ಶಾಮಿಯಾನ ಬಂತು, ಕುರ್ಚಿ ಬಂದವು. ಹುಳುಮನೆಗೆ ಒತ್ತಿಕೊಂಡು ಸೊಪ್ಪು ಇಡುವ ಶೀಟಿನ ಕೊಠಡಿ ಇತ್ತು. ಕುಯ್ದ ಸೊಪ್ಪನ್ನು ಅಲ್ಲಿ ಒದ್ದೆ ಗೋಣಿ ಮುಚ್ಚಿ ಇಡುತ್ತಿದ್ದರು. ನೆರಳಿದೆ, ತಿಂಡಿ ಇಲ್ಲೇ ಹಾಕಿಸೋಣ ಎಂದು ನಂದಕುಮಾರ ಅರ್ಧ ಕೊಠಡಿ ಖಾಲಿ ಮಾಡಿಸಿದ. ಸಂಜೆ ಪೋಷಕರ ವಾಟ್ಸಪ್ ಗುಂಪಿನಲ್ಲಿ ಯಾರೋ ತಾಯಿ, ತೋಟದಲ್ಲಿ ಸೊಳ್ಳೆ ಇರುತ್ತಾ ಎಂದು ಕೇಳಿದರು. ಒಂದು ಸೊಳ್ಳೆಯೂ ಇರದ ಹಾಗೆ ನೋಡಿಕೊಳ್ಳುತ್ತೇನೆ ಎಂದು ನಂದಕುಮಾರ ಉತ್ತರ ಹಾಕಿದ. ಆವಲಮ್ಮ ಆಗ ತೋಟದಲ್ಲಿದ್ದಳು.

ಭಾನುವಾರ ನಸುಕಿನಲ್ಲೇ ಎದ್ದು ಕಾಲು ತೊಳೆದು, ಕೊಠಡಿಯಿಂದ ಸೊಪ್ಪು ತಂದು ಹುಳುವಿಗೆ ಹಾಕಿದಳು. ಪಕ್ಕದಲ್ಲೇ ನಂದಕುಮಾರ ಕರೆಸಿದ್ದ ಅಡುಗೆ ಭಟ್ಟರು ನೂರು ಜನರ ಚಿತ್ರಾನ್ನಕ್ಕೆ ಒಗ್ಗರಣೆ ಹಾಕುತ್ತಿದ್ದರು. ಮೂಗಿಗೆ ಇಂಗು, ಮೆಣಸಿನಕಾಯಿ ಬಿಟ್ಟು ಇನ್ನೇನೂ ತಿಳಿಯುವ ಹಾಗಿರಲಿಲ್ಲ. ಇನ್ನು ಎರಡು ದಿನಕ್ಕೆ ಹುಳು ಹಣ್ಣಾಗುತ್ತಿತ್ತು. ಗೂಡು ಕಟ್ಟಲು ಬಿಡುವ ಬಿದಿರಿನ ಚಂದ್ರಿಕೆಗಳನ್ನು ಗುರುವಪ್ಪ ತೊಳೆದು ಬಿಸಿಲಿಗೆ ಒರಗಿಸಿದ್ದ. ಆವಲಮ್ಮ ಹೋಗಿ ಕಾಫಿ ಕುಡಿದು, ಮೊಮ್ಮಗಳಿಗೆ ಜಡೆ ಹಾಕಿ ಮತ್ತೆ ಬಂದಳು.

ಹುಳುಗಳು ತಲೆ ಎತ್ತಿ ಅತ್ತಿತ್ತ ಒದ್ದಾಡುತ್ತಿದ್ದವು. ಕೆಲವು ಹಸಿರು ಕಕ್ಕಿಕೊಂಡು ಸುರುಳಿ ಸುತ್ತಿದ್ದವು. ಕೆಲವು ಸ್ಟ್ಯಾಂಡಿನಿಂದ ಕೆಳಗೆ ಬಿದ್ದಿದ್ದವು. ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ಅದೇ. ಅವಳು ಒಂದು ಹಿಡಿ ಸೊಪ್ಪು ಎತ್ತಿ ಮೂಗಿಗೆ ಹಿಡಿದಳು. ಎಲೆಯ ಅಡಿಯಲ್ಲಿ ಔಷಧಿಯ ವಾಸನೆ ಇತ್ತು.

"ನಂದಾ!"

ಆ ಕೂಗಿಗೆ ಗುರುವಪ್ಪನ ಎರಡು ಕಿವಿಯೂ ತೆರೆದವು.

"ಸೊಪ್ಪಿನ ರೂಮಲ್ಲಿ ಏನ್ಲಾ ಹೊಡ್ದೆ?"

ನಂದಕುಮಾರ ಇಸ್ತ್ರಿ ಶರ್ಟಿನಲ್ಲಿ ನಿಂತಿದ್ದ. "ಸೊಳ್ಳೆ ಸ್ಪ್ರೇ ಅಷ್ಟೇ ಅಮ್ಮ, ರಾತ್ರಿ ನೀನು ಮಲಗಿದ ಮೇಲೆ. ಹುಳುಮನೆ ಒಳಗೆ ಹೊಡೀಲಿಲ್ಲ. ಗೋಣಿ ಮುಚ್ಚಿತ್ತಲ್ಲ..." ಅಷ್ಟಕ್ಕೆ ಅವನಿಗೇ ಅರ್ಥವಾಯಿತು. ಇದೇ ಹುಳುವಿನ ನಡುವೆ ತೆವಳಿ ದೊಡ್ಡವನಾದವನು. ಸೊಳ್ಳೆಗೆ ಹೊಡೆದದ್ದು ಹುಳುವನ್ನು ಬಿಡುವುದಿಲ್ಲವೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

"ನೀಕು ಬುದ್ಧಿ ಉಂದಾರಾ?" ಬುದ್ಧಿ ಇದೆಯೇನೋ ನಿನಗೆ ಎಂದು ಆವಲಮ್ಮ ತೆಲುಗಿಗೆ ಇಳಿದಳು. ಅಲ್ಲಿಂದ ಮುಂದಿನದನ್ನು ಬರೆಯುವಂತಿಲ್ಲ. ಕೈಗೆ ಸಿಕ್ಕ ಸೊಪ್ಪಿನ ಬುಟ್ಟಿ ಎಸೆದಳು, ಪ್ಲಾಸ್ಟಿಕ್ ಕುರ್ಚಿ ಎಸೆದಳು. ಎಸೆಯಲು ಏನೂ ಉಳಿಯದಿದ್ದಾಗ ತನ್ನ ಕೈಯನ್ನೇ ನೋಡಿಕೊಂಡಳು. ವಿಷ ಹೊಡೆದವನು ಅವನು, ಉಣಿಸಿದ್ದು ಈ ಕೈ.

ನಂದಕುಮಾರ ಹತ್ತಿರ ಬಂದು ದನಿ ತಗ್ಗಿಸಿದ. "ಅಮ್ಮ, ಆಗಿದ್ದು ಆಗೋಯ್ತು. ಜನ ಬರೋ ಹೊತ್ತು. ಬಾಗಿಲು ಹಾಕಿಬಿಡೋಣ. ಹುಳುಗೆ ಜ್ವರ, ಮಲಗಿದೆ ಅಂತ ಹೇಳಿದ್ರಾಯ್ತು. ಅವರಿಗೇನ್ ಗೊತ್ತಾಗುತ್ತೆ?"

ಆವಲಮ್ಮ ಬಾಯಿ ಮುಚ್ಚಿದಳು. ಅವಳು ಬೈದಾಗ ಹೆದರುತ್ತಿದ್ದ ನಂದಕುಮಾರನಿಗೆ ಅವಳು ಸುಮ್ಮನಾದದ್ದು ಇನ್ನೂ ಹೆದರಿಕೆ ತಂದಿತು.

ಕಾರುಗಳು, ಬೈಕುಗಳು ಬಂದವು, ಶಾಲೆಯ ವ್ಯಾನು ಬಂತು. ಹೇಳಿದ ಮಾತಿಗೆ ತಪ್ಪದೆ ದೊಡ್ಡವರೆಲ್ಲ ಅಂಗಳದಲ್ಲಿ ನಿಂತರು. ಮಕ್ಕಳು ಬಕೆಟ್ಟಿನ ನೀರಲ್ಲಿ ಕಾಲು ತೊಳೆದು, ಕೈ ಹಿಂದೆ ಕಟ್ಟಿ ಸಾಲು ನಿಂತರು. ಒಬ್ಬರೂ ಮಾತಾಡಲಿಲ್ಲ. ಸಾಲಿನ ಮುಂದೆ ಅರ್ಪಿತ, ಅಜ್ಜಿ ಹಾಕಿದ ಜಡೆಯಲ್ಲಿ. ಹೂ ಇರಲಿಲ್ಲ, ಬೇಡವೆಂದು ಅವಳೇ ಹೇಳಿದ್ದಳು.

ಆವಲಮ್ಮ ಹುಳುಮನೆಯ ಎರಡೂ ಕದಗಳನ್ನು ಗೋಡೆಗೆ ಬಡಿಯುವ ಹಾಗೆ ತೆರೆದಳು.

"ಬನ್ನಿ, ಎಲ್ಲಾರೂ ಬನ್ನಿ. ದೊಡ್ಡೋರೂ ಬನ್ನಿ. ಚಪ್ಪಲಿ ಹಾಕ್ಕೊಂಡೇ ಬನ್ನಿ. ಇನ್ನು ಯಾರು ಬಂದ್ರೂ ಏನೂ ಆಗಲ್ಲ!"

ಅಂಗಳದಲ್ಲಿ ಯಾರೂ ಅಲುಗಲಿಲ್ಲ. ಅರ್ಪಿತ ಹೊಸ್ತಿಲಿಗೆ ಬಂದು ನಿಂತಳು.

"ಅಜ್ಜಿ, ನೋಡ್ಬಹುದಾ?"

"ನೋಡು."

ಮಗು ಕೈ ಹಿಂದೆ ಕಟ್ಟಿಕೊಂಡೇ ಬಗ್ಗಿ ನೋಡಿತು. ಬಹಳ ಹೊತ್ತು ನೋಡಿತು. "ಯಾಕಜ್ಜಿ ಹಿಂಗಾಡ್ತಿವೆ?"

"ನಿಮ್ಮಪ್ಪ ಸೊಪ್ಪಿನ ರೂಮಿಗೆ ಸೊಳ್ಳೆ ಔಷಧಿ ಹೊಡ್ದ. ಅದನ್ನ ತಿಂದು ಸಾಯ್ತಿವೆ." ಆವಲಮ್ಮ ತಗ್ಗಿಸಿ ಹೇಳಲಿಲ್ಲ. ಹಿಂದೆ ನಿಂತಿದ್ದ ಸುನಂದ ಮಿಸ್‌ಗೂ ಕೇಳಿಸಿತು, ಶಾಮಿಯಾನದ ಕೆಳಗಿದ್ದವರಿಗೂ ಕೇಳಿಸಿತು.

ಅರ್ಪಿತ ತಿರುಗಿ ಅಪ್ಪನನ್ನು ನೋಡಿದಳು. ಅವಳಿಗೆ ಅಳು ಬಂದಿತ್ತು, ಆದರೂ ಕೈ ಹಿಂದೆಯೇ ಇತ್ತು.

"ಅಪ್ಪ, ಅದು ಅಜ್ಜಿ ಕೆಲಸ ಅಲ್ವಾ? ಕೇಳಿದ್ಯಾ?"

ನಂದಕುಮಾರ ಇಸ್ತ್ರಿ ಶರ್ಟಿನ ತೋಳಿನಲ್ಲಿ ಮುಖ ಒರೆಸಿಕೊಂಡ.

"ಮಿಸ್ಸಮ್ಮ," ಎಂದಳು ಆವಲಮ್ಮ, "ಇವನನ್ನೂ ಸೇರಿಸ್ಕೊಳ್ಳಿ ನಿಮ್ಮ ಸ್ಕೂಲಿಗೆ. ಚಾಪೆ ನಾನು ಕೊಡ್ತೀನಿ." ಯಾರೂ ನಗಲಿಲ್ಲ, ಅವಳೂ ನಗಿಸಲು ಹೇಳಿರಲಿಲ್ಲ.

ಆಮೇಲೆ ಹೊಸ್ತಿಲ ಮೇಲೇ ಕುಳಿತಳು. ಇಷ್ಟು ವರ್ಷದಲ್ಲಿ ಅಲ್ಲಿ ಕೂರಲು ಅವಳು ಯಾರನ್ನೂ ಬಿಟ್ಟಿರಲಿಲ್ಲ. ಮೊಮ್ಮಗಳನ್ನು ಪಕ್ಕಕ್ಕೆ ಎಳೆದುಕೊಂಡು, ಮಗನ ಕಡೆ ನೋಡದೆ ಹೇಳಿದಳು.

"ಗೌನಿಪಲ್ಲಿಗೆ ಫೋನ್ ಮಾಡ್ಲಾ. ನಮ್ಮಕ್ಕನ್ನೂ ಬರೋಕೆ ಹೇಳು. ಬಾಗಿಲು ತೆಗ್ದೈತೆ ಅಂತ ಹೇಳು. ಹೊಗೆಸೊಪ್ಪು ಹಾಕ್ಕೊಂಡೇ ಬರ್ಲಿ."